"ನಾಳೆಯಿಂದ ಬರಬೇಡ" ಎನ್ನುವ ಮುನ್ನ



ಕಾಫಿ ಕುಯಿಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದು, ವರ್ಷದ ಲೆಕ್ಕಪತ್ರ ನೋಡುವ ಕಾಲದಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಒಬ್ಬಿಬ್ಬರಾದರೂ, ಬೆಲೆ, ಗೊಬ್ಬರ, ಸಾಲದ ಮಾತು ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಕೇಳುವುದುಂಟು. "ಒಬ್ಬ ಆಳನ್ನು ಬಿಡಿಸಿದ್ದೆ. ಕಾರ್ಮಿಕ ಇಲಾಖೆಯಿಂದ ನೋಟೀಸು ಬಂದಿದೆ. ನನ್ನ ತೋಟ, ನಾನು ಕೊಡುವ ಸಂಬಳ. ಬೇಡವಾದವನನ್ನು ಬಿಡಿಸುವ ಹಕ್ಕು ನನಗಿಲ್ಲವೇ?" ಈ ಪ್ರಶ್ನೆಗೆ ಕಚೇರಿಯ ಜಗಲಿಯಲ್ಲಿ ನಿಂತು ಉತ್ತರ ಹೇಳಿ ಕಳಿಸುವುದು ಸರಿಯಲ್ಲವೆಂದು ತೋರಿ, ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಹೀಗೆ ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

2012ರಲ್ಲಿ ನಮ್ಮ ಸದಸ್ಯರೊಬ್ಬರ ತೋಟದ ಕಣದಿಂದ ಒಂದು ಮೂಟೆ ಒಣಗಿದ ಕಾಫಿ ಕಾಣೆಯಾಯಿತು. ಒಂಬತ್ತು ಎಕರೆಯ ತೋಟ; ಖಾಯಂ ಆಳುಗಳು ಆರು ಮಂದಿ. ಮೇಸ್ತ್ರಿ ಒಬ್ಬನ ಕಡೆ ಬೆರಳು ತೋರಿಸಿದ. ಆತ ಹನ್ನೊಂದು ವರ್ಷದಿಂದ ಅದೇ ಲೈನಿನಲ್ಲಿ ಸಂಸಾರ ಇಟ್ಟುಕೊಂಡಿದ್ದವನು. ಎರಡು ತಿಂಗಳ ಹಿಂದೆ, ಎಲ್ಲರ ಎದುರಿಗೆ, ಸರ್ಕಾರದ ಕನಿಷ್ಠ ಕೂಲಿ ಹೆಚ್ಚಾಗಿದೆಯಂತೆ, ನಮಗೇಕೆ ಬಂದಿಲ್ಲ ಎಂದು ಕೇಳಿದ್ದವನೂ ಅವನೇ. ಮಾಲೀಕರು ಬೆಳಿಗ್ಗೆ ಹಾಜರಿ ಕೂಗುವಾಗ "ನಾಳೆಯಿಂದ ಬರಬೇಡ" ಎಂದರು. ಪೊಲೀಸು ದೂರಿಲ್ಲ, ಕಾಗದವಿಲ್ಲ, ಕೇಳಿದ್ದಿಲ್ಲ, ಹೇಳಿದ್ದಿಲ್ಲ. ಕೆಲವು ವಾರಗಳಲ್ಲಿ ಕಾರ್ಮಿಕ ನ್ಯಾಯಾಲಯದಿಂದ ನೋಟೀಸು ಬಂತು. ಆಗ ಅವರು ಸಲಹೆ ಕೇಳಲು ಬಂದದ್ದು ನಮ್ಮ ಬಳಿಗೆ. "ಅವನೇ ಕೆಲಸ ಬಿಟ್ಟುಹೋದ ಎಂದು ಬರೆಸಿಬಿಡಿ, ಗೊಡವೆ ಇರುವುದಿಲ್ಲ" ಎಂದವರಲ್ಲಿ ನಾವೂ ಇದ್ದೆವು. ಆ ಸಲಹೆ ಎಷ್ಟು ತಪ್ಪಾಗಿತ್ತೆಂಬುದು ಮುಂದೆ ತಿಳಿಯುತ್ತದೆ.

ಹಕ್ಕು ಇದೆ, ಆದರೆ ಅದಕ್ಕೊಂದು ದಾರಿ ಇದೆ

ಆಳನ್ನು ಕೆಲಸದಿಂದ ತೆಗೆಯುವ ಹಕ್ಕನ್ನು ನಮ್ಮ ದೇಶದ ಕಾನೂನು ಮಾಲೀಕನಿಂದ ಎಂದೂ ಕಿತ್ತುಕೊಂಡಿಲ್ಲ. ಕಳ್ಳತನ, ಹೊಡೆದಾಟ, ಕುಡಿದು ಕೆಲಸಕ್ಕೆ ಬರುವುದು, ಬೇಕೆಂದೇ ಗಿಡ ಹಾಳುಮಾಡುವುದು ಇವು ರುಜುವಾತಾದರೆ ವಜಾ ಮಾಡಬಹುದು. ಕಾನೂನು ಕೇಳುವುದು ಇಷ್ಟೇ: ಕಾರಣ ನಿಜವೇ? ಆತನ ಮಾತು ಕೇಳಿದಿರಾ? ತಪ್ಪಿಗೂ ಶಿಕ್ಷೆಗೂ ಹೊಂದಾಣಿಕೆ ಇದೆಯೇ? ಕಾರಣವೆಂದು ಹೇಳುತ್ತಿರುವುದೇ ನಿಜವಾದ ಕಾರಣವೋ, ಅಥವಾ ಹಿಂದೆ ಬೇರೇನಾದರೂ ಇದೆಯೋ? ಮೊದಲ ಮೂರು ಪ್ರಶ್ನೆಗಳಲ್ಲಿ ಸೋತರೆ ಅದು ಅನ್ಯಾಯದ ವಜಾ. ಕೊನೆಯದರಲ್ಲಿ ಸೋತರೆ ಅದು ಸೇಡಿನ ವಜಾ.

ಈ ನಿಯಮಗಳು ಬೆಳೆದುಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೈಗಾರಿಕಾ ವಿವಾದಗಳ ಕಾಯಿದೆ 1947ರ ಏಪ್ರಿಲ್ 1ರಂದು ಜಾರಿಗೆ ಬಂತು. ಮೊದಲಿಗೆ ವಜಾ ಆದ ಒಬ್ಬ ಕಾರ್ಮಿಕ ತಾನೊಬ್ಬನೇ ಆ ಕಾಯಿದೆಯ ಬಾಗಿಲು ತಟ್ಟುವಂತಿರಲಿಲ್ಲ. ಸಂಘವೋ, ಗಣನೀಯ ಸಂಖ್ಯೆಯ ಜೊತೆಗಾರರೋ ಅವನ ಪರ ನಿಲ್ಲಬೇಕಾಗಿತ್ತು. 1965ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ಒಬ್ಬನ ವಜಾ ಕೂಡ ಕೈಗಾರಿಕಾ ವಿವಾದವೇ ಎಂದಾಯಿತು. ಶಿಕ್ಷೆ ಹೆಚ್ಚಾಯಿತೆಂದು ಕಂಡರೆ ಅದನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕೆ ಬಂದದ್ದು 1971ರ ಡಿಸೆಂಬರ್ 15ರಿಂದ. ನಮ್ಮ ರಾಜ್ಯದಲ್ಲಿ 1988ರ ತಿದ್ದುಪಡಿಯ ನಂತರ ವಜಾ ಆದವನು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೇ ಅರ್ಜಿ ಹಾಕಬಹುದಾಗಿತ್ತು. ಮೇಲೆ ಹೇಳಿದ ಪ್ರಕರಣ ನ್ಯಾಯಾಲಯ ಮುಟ್ಟಿದ್ದು ಆ ದಾರಿಯಿಂದಲೇ.

ಎಪ್ಪತ್ತೆಂಟು ವರ್ಷ ನಡೆದ ಆ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. "ಹಳೆಯ ಕಾಯಿದೆ ಹೋಯಿತು, ಇನ್ನು ತೊಂದರೆಯಿಲ್ಲ" ಎಂದು ಕೆಲವರು ಹೇಳಿದ್ದನ್ನು ಕೇಳಿದ್ದೇವೆ. ಅದು ಭ್ರಮೆ. ವಜಾ ವಿಷಯದಲ್ಲಿ ಹಳೆಯ ತಿರುಳೆಲ್ಲ ಹೊಸ ಸಂಹಿತೆಯಲ್ಲೂ ಇದೆ. ಸಣ್ಣ ತೋಟಕ್ಕೆ ಅದು ಅನ್ವಯಿಸುವುದಿಲ್ಲವೆಂಬ ಮಾತೂ ಸರಿಯಲ್ಲ. ಐದು ಹೆಕ್ಟೇರಿನ ಅಳತೆ ತೋಟ ಕಾರ್ಮಿಕರ ವಸತಿ, ವೈದ್ಯಕೀಯ ಮುಂತಾದ ಸೌಲಭ್ಯಗಳ ಕಾನೂನಿಗೆ ಸಂಬಂಧಿಸಿದ್ದು. ವಜಾ ವಿವಾದಕ್ಕೆ ಎಕರೆಯ ಲೆಕ್ಕವಿಲ್ಲ. ಮಾಲೀಕ ಮತ್ತು ಕೆಲಸಗಾರರ ಸಹಕಾರದಿಂದ ಕ್ರಮಬದ್ಧವಾಗಿ ಉತ್ಪಾದನೆ ನಡೆಯುವ ಚಟುವಟಿಕೆಯೆಲ್ಲ ಉದ್ಯಮವೇ ಎಂಬ ಅಳತೆಗೋಲನ್ನು 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹಾಕಿಕೊಟ್ಟಿತು. ಹೊಸ ಸಂಹಿತೆಯ ವ್ಯಾಖ್ಯೆಯೂ ಬಹುಮಟ್ಟಿಗೆ ಅದೇ ಮಾತಿನಲ್ಲಿದೆ. ಮನೆಗೆಲಸವನ್ನು ಅದು ಹೊರಗಿಟ್ಟಿದೆ, ಕೃಷಿಯನ್ನು ಹೊರಗಿಟ್ಟಿಲ್ಲ.

ಯಾರು ಕಾರ್ಮಿಕ?

ಈ ಪ್ರಶ್ನೆಗೆ ಉತ್ತರ ಕೊಟ್ಟ ಹೆಸರಾಂತ ಪ್ರಕರಣವೊಂದು ತೋಟದ್ದೇ ಆಗಿದೆ. ಅಸ್ಸಾಮಿನ ದಿಮಾಕುಚಿ ಚಹಾ ತೋಟದಲ್ಲಿ 1951ರಲ್ಲಿ ಸಹಾಯಕ ವೈದ್ಯರೊಬ್ಬರನ್ನು ಕೆಲಸದಿಂದ ಬಿಡಿಸಿದರು. ತೋಟದ ಕಾರ್ಮಿಕರ ಸಂಘ ಅವರ ಪರವಾಗಿ ವಿವಾದ ಎತ್ತಿತು. 1958ರಲ್ಲಿ ಸುಪ್ರೀಂ ಕೋರ್ಟು, ವೈದ್ಯರು ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ, ಅವರ ಕೆಲಸದ ವಿಷಯದಲ್ಲಿ ಕಾರ್ಮಿಕರಿಗೆ ನೇರವಾದ ಹಿತಾಸಕ್ತಿಯೂ ಇಲ್ಲ ಎಂದು ಬಹುಮತದಿಂದ ತೀರ್ಪಿತ್ತಿತು. ಕೂಲಿ, ಕೌಶಲ್ಯ, ಗುಮಾಸ್ತಿಕೆ, ಮೇಲ್ವಿಚಾರಣೆಯ ಕೆಲಸ ಮಾಡುವವರು ಕಾನೂನಿನ ಆಶ್ರಯಕ್ಕೆ ಬರುತ್ತಾರೆ. ಆಡಳಿತ ನಡೆಸುವ ಮ್ಯಾನೇಜರು ಬರುವುದಿಲ್ಲ. ಮೇಲ್ವಿಚಾರಣೆ ಮಾಡುವವರ ಸಂಬಳ ಹೊಸ ಸಂಹಿತೆಯ ಪ್ರಕಾರ ತಿಂಗಳಿಗೆ 18,000 ರೂಪಾಯಿ ದಾಟಿದರೆ ಅವರೂ ಹೊರಗೆ.

ಇಲ್ಲಿ ಹೆಸರನ್ನು ನೋಡುವುದಿಲ್ಲ, ಕೆಲಸವನ್ನು ನೋಡುತ್ತಾರೆ. ನಮ್ಮ ಸಣ್ಣ ತೋಟಗಳಲ್ಲಿ "ರೈಟರ್" ಎಂದು ಕರೆಸಿಕೊಳ್ಳುವವನು ಬೆಳಿಗ್ಗೆ ಹಾಜರಿ ಬರೆದು, ಮಧ್ಯಾಹ್ನ ತಾನೇ ಪಲ್ಪರ್ ಮನೆಯಲ್ಲಿ ನಿಂತಿರುತ್ತಾನೆ. ಅವನನ್ನು ಅಧಿಕಾರಿಯೆಂದು ತೋರಿಸಿ ಕೇಸಿನಿಂದ ಪಾರಾಗಲು ನೋಡಿದರೆ ನಗೆಪಾಟಲಾಗುತ್ತದೆ.

ಸೇಡಿನ ವಜಾ ಎಂದರೆ

ಕಾರ್ಮಿಕನೊಬ್ಬ ತನಗೆ ಹಕ್ಕಾಗಿ ಬರಬೇಕಾದ್ದನ್ನು ಕೇಳಿದ್ದಕ್ಕೆ, ಸಂಘ ಸೇರಿದ್ದಕ್ಕೆ, ಇನ್ನೊಬ್ಬನ ಪರ ಸಾಕ್ಷಿ ಹೇಳಿದ್ದಕ್ಕೆ, ಅಧಿಕಾರಿಗಳಿಗೆ ದೂರು ಕೊಟ್ಟದ್ದಕ್ಕೆ ಬೇರೆ ನೆಪದಲ್ಲಿ ಅವನನ್ನು ಬಲಿ ಹಾಕುವುದೇ ಸೇಡಿನ ಕ್ರಮದ ಸಾಮಾನ್ಯ ರೂಪ. ಯಾವ ಮಾಲೀಕನೂ "ಕೂಲಿ ಕೇಳಿದ್ದಕ್ಕೆ ತೆಗೆದೆ" ಎಂದು ಬರೆದುಕೊಡುವುದಿಲ್ಲ. ಆದ್ದರಿಂದ ನ್ಯಾಯಮಂಡಳಿ ಸುತ್ತಲಿನ ಸಂಗತಿಗಳಿಂದ ಅದನ್ನು ಊಹಿಸುತ್ತದೆ.

1984ರಿಂದ ಹಳೆಯ ಕಾಯಿದೆಯಲ್ಲಿ "ಅನುಚಿತ ಕಾರ್ಮಿಕ ಪದ್ಧತಿ"ಗಳ ಪಟ್ಟಿಯೊಂದು ಇತ್ತು. ಹೊಸ ಸಂಹಿತೆಯ ಎರಡನೆಯ ಅನುಸೂಚಿಯಲ್ಲಿಯೂ ಅದು ಇದೆ. ವಜಾಕ್ಕೆ ಸಂಬಂಧಿಸಿದ ಬಾಬುಗಳು ಹೀಗಿವೆ: ಸೇಡಿನಿಂದ ತೆಗೆಯುವುದು, ಸದ್ಭಾವನೆಯಿಲ್ಲದೆ, ಹಕ್ಕಿನ ಸೋಗಿನಲ್ಲಿ ತೆಗೆಯುವುದು, ಸುಳ್ಳು ಸಾಕ್ಷ್ಯದಿಂದ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಸಿ ತೆಗೆಯುವುದು, ಮೇಲ್ನೋಟಕ್ಕೇ ಸುಳ್ಳಾದ ಕಾರಣ ಕೊಡುವುದು, ರಜೆಯಿಲ್ಲದೆ ಗೈರುಹಾಜರಾದನೆಂದು ಕಟ್ಟುಕಥೆ ಹೇಳುವುದು, ಸಹಜ ನ್ಯಾಯವನ್ನು ಗಾಳಿಗೆ ತೂರಿ ಅವಸರದಿಂದ ವಿಚಾರಣೆ ಮುಗಿಸುವುದು, ಸಣ್ಣ ತಪ್ಪಿಗೆ, ಹಿಂದಿನ ನಡತೆಯನ್ನು ನೋಡದೆ, ದೊಡ್ಡ ಶಿಕ್ಷೆ ಕೊಡುವುದು. ಇಂಥ ಪದ್ಧತಿ ಅನುಸರಿಸಿದವರಿಗೆ ಹೊಸ ಸಂಹಿತೆಯಲ್ಲಿ 10,000 ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷದವರೆಗೆ ಹೋಗಬಹುದಾದ ದಂಡವಿದೆ.

ಕೊನೆಯ ಬಾಬನ್ನು ವಿಶೇಷವಾಗಿ ಗಮನಿಸಬೇಕು. 1984ರಲ್ಲಿ ಕೇಬಲ್ ಕಂಪನಿಯೊಂದರ ಪ್ರಕರಣದಲ್ಲಿ, ಬೈದನೆಂಬ ಆಪಾದನೆಯ ಮೇಲೆ ನೌಕರನೊಬ್ಬನನ್ನು ವಜಾ ಮಾಡಲಾಗಿತ್ತು. ಇಷ್ಟು ಚಿಕ್ಕ ತಪ್ಪಿಗೆ ಯಾವ ಜವಾಬ್ದಾರಿಯುತ ಮಾಲೀಕನೂ ಇಷ್ಟು ದೊಡ್ಡ ಶಿಕ್ಷೆ ಕೊಡಲಾರ, ಕೊಟ್ಟನೆಂದ ಮೇಲೆ ಹಿಂದೆ ಸೇಡಿದೆಯೆಂದು ಊಹಿಸಬಹುದು ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಣದಲ್ಲಿ ಒಂದು ಬೈಗುಳಕ್ಕೆ ಹತ್ತು ವರ್ಷದ ಆಳನ್ನು ಓಡಿಸುವುದು ನಮ್ಮಲ್ಲಿ ಅಪರೂಪವಲ್ಲ. ಬೈದದ್ದು ತಪ್ಪೇ. ಆದರೆ ಅದಕ್ಕೆ ಎಚ್ಚರಿಕೆ ಕೊಡುವುದು ಒಂದು ಶಿಕ್ಷೆ, ಸಂಸಾರಸಮೇತ ಬೀದಿಗೆ ಹಾಕುವುದು ಇನ್ನೊಂದು.

ಇನ್ನೊಂದು ಅಂಶವೆಂದರೆ ಕಾಲ. ನವೆಂಬರಿನಲ್ಲಿ ಬೋನಸ್ಸು ಕೇಳಿದ, ಡಿಸೆಂಬರಿನಲ್ಲಿ ಕಳ್ಳನಾದ ಎಂದರೆ ಕೇಳುವವರು ನಂಬುವುದು ಕಷ್ಟ. ಅವನು ನಿಜವಾಗಿಯೂ ಕದ್ದಿರಬಹುದು. ಆಗ ಅದನ್ನು ಇನ್ನಷ್ಟು ಎಚ್ಚರದಿಂದ ರುಜುವಾತು ಮಾಡಬೇಕಾಗುತ್ತದೆಯೇ ಹೊರತು, ಅವಸರದಿಂದಲ್ಲ. ವಿವಾದವೊಂದು ಸಂಧಾನಾಧಿಕಾರಿಯ ಅಥವಾ ನ್ಯಾಯಮಂಡಳಿಯ ಮುಂದಿರುವಾಗ, ಆ ವಿವಾದಕ್ಕೆ ಸಂಬಂಧಿಸಿದ ತಪ್ಪಿಗಾಗಿ ಅದರಲ್ಲಿ ಸೇರಿದ ಕಾರ್ಮಿಕನನ್ನು ಅವರ ಲಿಖಿತ ಅನುಮತಿಯಿಲ್ಲದೆ ತೆಗೆಯುವಂತೆಯೇ ಇಲ್ಲ.

ಏಟು ತಿಂದವರೇ ನ್ಯಾಯ ಹೇಳಿದ ಕಥೆ

ವಿಚಾರಣೆ ಹೇಗೆ ನಡೆಸಬಾರದು ಎಂಬುದಕ್ಕೆ ಉತ್ತರ ಬಂಗಾಳದ ಮೀಂಗ್ಲಾಸ್ ಚಹಾ ತೋಟದ ಪ್ರಕರಣದಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ. ಅಲ್ಲಿ ಕಾರ್ಮಿಕರ ಗುಂಪೊಂದು ತೋಟದ ಮ್ಯಾನೇಜರ್ ಮತ್ತು ಸಹಾಯಕರ ಮೇಲೆ ಕೈಮಾಡಿತೆಂಬ ಆಪಾದನೆ. ಆಪಾದನೆ ಸಣ್ಣದಲ್ಲ. ಆದರೆ ವಿಚಾರಣೆಗೆ ಕುಳಿತವರು ಆ ಘಟನೆಯಲ್ಲಿ ಸಿಕ್ಕಿಕೊಂಡಿದ್ದ ಅಧಿಕಾರಿಗಳೇ. ಆಪಾದನೆಯನ್ನು ಬೆಂಬಲಿಸುವ ಸಾಕ್ಷಿಗಳನ್ನು ಕಾರ್ಮಿಕರ ಎದುರಿಗೆ ಕರೆದು ಮಾತಾಡಿಸಲಿಲ್ಲ. ಕಾರ್ಮಿಕರನ್ನೇ ನಿಲ್ಲಿಸಿ ಪ್ರಶ್ನಿಸಿದರು. ತಾವು ನಿರಪರಾಧಿಗಳೆಂದು ಅವರೇ ತೋರಿಸಿಕೊಳ್ಳಬೇಕಾಯಿತು. 1963ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಚಾರಣೆಯೆಂದೇ ಒಪ್ಪಲಿಲ್ಲ. ಆಪಾದಿತನಿಗೆ ತನ್ನ ಮೇಲಿನ ಆಪಾದನೆ ಮಾತ್ರವಲ್ಲ, ಅದಕ್ಕೆ ಆಧಾರವಾದ ಸಾಕ್ಷ್ಯವೂ ತಿಳಿಯಬೇಕು, ಆ ಸಾಕ್ಷಿಯನ್ನು ಪ್ರಶ್ನಿಸಲು ಅವಕಾಶವಿರಬೇಕು, ತನ್ನ ಕಡೆಯ ಮಾತು ಹೇಳಲು ಎಡೆ ಇರಬೇಕು ಎಂಬುದು ಆ ತೀರ್ಪಿನ ಸಾರ.

ನಮ್ಮ ತೋಟಗಳಲ್ಲಿ ಫಿರ್ಯಾದಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಮಾಲೀಕನೊಬ್ಬನೇ ಆಗಿರುವುದು ವಾಡಿಕೆ. ಮೀಂಗ್ಲಾಸಿನ ತಪ್ಪು ನಮ್ಮ ದಿನನಿತ್ಯದ ಪದ್ಧತಿ.

ಸಣ್ಣ ತೋಟದಲ್ಲಿ ವಿಚಾರಣೆ ನಡೆಸುವ ಕ್ರಮ

ವಕೀಲರಿಲ್ಲದೆ, ಹೆಚ್ಚು ಖರ್ಚಿಲ್ಲದೆ, ಒಂದೆರಡು ವಾರದಲ್ಲಿ ಮುಗಿಸಬಹುದಾದ ಕ್ರಮ ಇದು. ಕತ್ತರಿಸಿ ಹಾಜರಿ ಪುಸ್ತಕದಲ್ಲಿ ಇಟ್ಟುಕೊಳ್ಳಬಹುದು.

1. ಆಪಾದನೆಯನ್ನು ಕಾಗದದಲ್ಲಿ ಬರೆಯಿರಿ. "ನಡತೆ ಸರಿಯಿಲ್ಲ" ಎಂದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡಿದ ಎಂಬುದಿರಲಿ. ಅವನಿಗೆ ಓದುಬರಹ ಬಾರದಿದ್ದರೆ ಇಬ್ಬರ ಎದುರಿಗೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳಿ. ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ನಮ್ಮ ತೋಟಗಳಲ್ಲಿದ್ದಾರೆ. ಅಂಥವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ.

2. ಉತ್ತರ ಕೊಡಲು ಕೆಲವು ದಿನಗಳ ಕಾಲಾವಕಾಶ ಕೊಡಿ. ಉತ್ತರ ತೃಪ್ತಿಕರವಾಗಿದ್ದರೆ ಅಲ್ಲಿಗೇ ಬಿಡಿ. ಬಿಟ್ಟೆವೆಂದು ಬರೆದುಕೊಡುವುದರಲ್ಲಿ ಅವಮಾನವಿಲ್ಲ.

3. ವಿಚಾರಣೆಗೆ ನೀವೇ ಕೂರಬೇಡಿ. ದೂರು ಹೇಳಿದ ಮೇಸ್ತ್ರಿಯೂ ಬೇಡ. ಘಟನೆಗೆ ಸಂಬಂಧವಿಲ್ಲದ ನೆರೆತೋಟದವರು, ನಿವೃತ್ತ ಉಪಾಧ್ಯಾಯರು ಇಂಥವರನ್ನು ಕೇಳಿಕೊಳ್ಳಿ. ನೀವು ಸಾಕ್ಷಿಯಾಗಿ ಬಂದು ಹೇಳಿಕೆ ಕೊಡಿ.

4. ಸಾಕ್ಷಿಗಳು ಅವನ ಎದುರಿಗೇ ಮಾತಾಡಲಿ. ಅವರನ್ನು ಪ್ರಶ್ನಿಸಲು ಅವನಿಗೆ ಬಿಡಿ. ಜೊತೆಗಾರನೊಬ್ಬನ ನೆರವು ಕೇಳಿದರೆ ಬೇಡವೆನ್ನಬೇಡಿ.

5. ಅವನ ಕಡೆಯ ಸಾಕ್ಷಿಗಳಿದ್ದರೆ ಕೇಳಿ. ಆಡಿದ ಮಾತನ್ನೆಲ್ಲ ಬರೆದು, ಎಲ್ಲರ ಸಹಿ ತೆಗೆದುಕೊಳ್ಳಿ.

6. ವಿಚಾರಣೆ ನಡೆಸಿದವರು ತಮಗೆ ಕಂಡದ್ದನ್ನು ಕಾರಣಸಹಿತ ಬರೆದುಕೊಡಲಿ. ಅದರ ಪ್ರತಿ ಅವನಿಗೂ ಸಲ್ಲಲಿ.

7. ಶಿಕ್ಷೆ ನಿರ್ಧರಿಸುವಾಗ ಅವನ ಹಿಂದಿನ ನಡತೆ, ಸೇವೆಯ ವರ್ಷ ನೋಡಿ. ವಜಾ ಮಾಡುವುದಾದರೆ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

"ಇಷ್ಟೆಲ್ಲ ಮಾಡುತ್ತ ಕುಳಿತರೆ ತೋಟ ನೋಡುವವರು ಯಾರು?" ಎಂದು ಕೇಳಬಹುದು. ಕೇಸಿಗಾಗಿ ಅಲೆಯುವ ದಿನಗಳ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಇನ್ನೊಂದು ಮಾತು: ಪೊಲೀಸು ದೂರು ಕೊಟ್ಟದ್ದೇ ವಿಚಾರಣೆಯಾಗುವುದಿಲ್ಲ. ಅದು ಬೇರೆ, ಇದು ಬೇರೆ.

"ಅವನೇ ಬಿಟ್ಟುಹೋದ" ಎಂಬ ಉತ್ತರ

ನೋಟೀಸು ಬಂದ ತಕ್ಷಣ ನಾಲಿಗೆಗೆ ಬರುವ ಉತ್ತರ ಇದು. ನಿಜವಾಗಿ ಬಿಟ್ಟುಹೋಗಿದ್ದರೆ ಹೇಳಲೇಬೇಕು. ಆದರೆ ಬಿಟ್ಟುಹೋಗುವುದು ಮನಸ್ಸಿನ ನಿರ್ಧಾರಕ್ಕೆ ಸಂಬಂಧಿಸಿದ್ದು, ಬರೀ ಗೈರುಹಾಜರಿ ಅದಕ್ಕೆ ಸಾಕ್ಷಿಯಲ್ಲ ಎಂದು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. 1993ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ, ಎಂಟು ದಿನಕ್ಕಿಂತ ಹೆಚ್ಚು ಬರದಿದ್ದರೆ ಕೆಲಸ ತಾನಾಗಿಯೇ ಹೋಯಿತು ಎಂಬ ನಿಯಮವನ್ನು ಕಂಪನಿ ತೋರಿಸಿತು. ತನ್ನನ್ನು ಬಾಗಿಲಲ್ಲೇ ತಡೆದರೆಂದು ಕಾರ್ಮಿಕ ಹೇಳಿದ. ಕೇಳದೆ, ವಿಚಾರಿಸದೆ ಹೀಗೆ ಹೆಸರು ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ ಅವನನ್ನು ಅರ್ಧ ಹಿಂಬಾಕಿ ಸಹಿತ ಮತ್ತೆ ಕೆಲಸಕ್ಕೆ ಸೇರಿಸಿತು.

ಆಳು ಊರ ಜಾತ್ರೆಗೆಂದು ಹೋಗಿ ಬರದಿದ್ದರೆ ಮಾಡಬೇಕಾದ್ದು ಸುಲಭ. ಇಂಥ ದಿನದೊಳಗೆ ಬಂದು ಕೆಲಸಕ್ಕೆ ಹಾಜರಾಗು, ಇಲ್ಲವೇ ಕಾರಣ ತಿಳಿಸು ಎಂದು ಅವನ ಊರಿನ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಹಾಕಿ. ಬರದಿದ್ದರೆ ಇನ್ನೊಂದು ಹಾಕಿ. ರಸೀದಿ ಜೋಪಾನ ಮಾಡಿ. ಬಂದರೆ ಕೆಲಸ ಕೊಡಿ. ಅವನ ಊರಿನ ವಿಳಾಸವೇ ಗೊತ್ತಿಲ್ಲವೆನ್ನುವವರು, ಮುಂದಿನ ಸಲ ಕೆಲಸಕ್ಕೆ ಸೇರಿಸುವ ದಿನವೇ ಬರೆದುಕೊಳ್ಳಿ.

ತಪ್ಪಿಲ್ಲದವನನ್ನು ಬಿಡಿಸುವಾಗ

ಕಳೆ ಕತ್ತರಿಸಲು ಯಂತ್ರ ಬಂತು, ಅಡಿಕೆಗೆ ಔಷಧಿ ಹೊಡೆಯಲು ಉದ್ದನೆಯ ದೋಟಿ ಬಂತು, ಇದ್ದ ಆಳಿನಲ್ಲಿ ಇಬ್ಬರು ಹೆಚ್ಚಾದರು ಎನ್ನೋಣ. ಇದು ಶಿಕ್ಷೆಯಲ್ಲ, ಕಡಿತ. ಇದರ ನಿಯಮ ಬೇರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವನಿಗೆ ಒಂದು ತಿಂಗಳ ಲಿಖಿತ ನೋಟೀಸು, ಇಲ್ಲವೇ ಆ ತಿಂಗಳ ಸಂಬಳ. ಅದರ ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡರೆ, ಎಂಟು ವರ್ಷದ ಆಳಿಗೆ ವರ್ಷಕ್ಕೆ 7,500ರಂತೆ 60,000 ರೂಪಾಯಿ ಆಗುತ್ತದೆ. ಸಾಮಾನ್ಯವಾಗಿ ಕೊನೆಗೆ ಸೇರಿದವನನ್ನು ಮೊದಲು ಬಿಡಿಸಬೇಕು. ತಿರುಗಿ ಆಳು ಬೇಕಾದಾಗ, ಒಂದು ವರ್ಷದೊಳಗಾದರೆ, ಬಿಡಿಸಿದವನನ್ನೇ ಮೊದಲು ಕರೆಯಬೇಕು.

ಕುಯಿಲಿಗೆ ಮಾತ್ರ ಬಂದು ಮೂರು ತಿಂಗಳಲ್ಲಿ ಹೋಗುವವರಿಗೆ ಈ ಪರಿಹಾರ ಸಲ್ಲುವುದಿಲ್ಲ. ಆದರೆ 240 ಮುಟ್ಟಬಾರದೆಂದು ವರ್ಷ ವರ್ಷವೂ 230ಕ್ಕೆ ತಡೆದು, ಹದಿನೈದು ದಿನ ಮನೆಯಲ್ಲಿ ಕೂರಿಸಿ ಮತ್ತೆ ಕರೆಯುವ ಜಾಣತನವನ್ನು ಬಿಡುವುದು ಒಳ್ಳೆಯದು. ಖಾಯಂ ಸೌಲಭ್ಯ ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ತಾತ್ಕಾಲಿಕರನ್ನಾಗಿ ಇಡುವುದು ಮೇಲೆ ಹೇಳಿದ ಅನುಚಿತ ಪದ್ಧತಿಗಳ ಪಟ್ಟಿಯಲ್ಲೇ ಇದೆ.

240 ದಿನ ದುಡಿದೆನೆಂದು ತೋರಿಸುವ ಹೊಣೆ ಕಾರ್ಮಿಕನದು. ನಮ್ಮ ರಾಜ್ಯದ ಅರಣ್ಯ ಇಲಾಖೆಯ ಪ್ರಕರಣವೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿತು. ಇದನ್ನು ನಂಬಿ ಹಾಜರಿ ಪುಸ್ತಕವನ್ನು ಅಡಗಿಸಿಡುವವರಿದ್ದಾರೆ. ದಿನಗೂಲಿಯವನ ಕೈಯಲ್ಲಿ ಕಾಗದವಿರುವುದಿಲ್ಲ, ಅವನು ಮಾಲೀಕನ ಪುಸ್ತಕ ತರಿಸಲು ಕೇಳಬಹುದು ಎಂಬುದನ್ನೂ ಅದೇ ನ್ಯಾಯಾಲಯ ಮುಂದಿನ ವರ್ಷಗಳಲ್ಲಿ ಸ್ಪಷ್ಟಪಡಿಸಿದೆ. ಸರಿಯಾಗಿ ಬರೆದ ಹಾಜರಿ ಪುಸ್ತಕ ಮಾಲೀಕನ ಶತ್ರುವಲ್ಲ. ಕೇಸಿನಲ್ಲಿ ಅವನಿಗಿರುವ ಒಬ್ಬನೇ ಗೆಳೆಯ.

ಕೇಸು ಬಂದರೆ

ಹೊಸ ಸಂಹಿತೆಯಲ್ಲಿ ವಜಾ ಆದವನು ಮೊದಲು ಸಂಧಾನಾಧಿಕಾರಿಯ ಬಳಿಗೆ ಹೋಗುತ್ತಾನೆ. ವಿವಾದ ಹುಟ್ಟಿ ಎರಡು ವರ್ಷ ಕಳೆದಿದ್ದರೆ ಸಂಧಾನ ಕೈಗೊಳ್ಳುವಂತಿಲ್ಲ. ಸಂಧಾನಕ್ಕೆ ಸಾಮಾನ್ಯವಾಗಿ 45 ದಿನದ ಗಡುವು. ಅದು ಮುರಿದರೆ ವರದಿ ಕೈಸೇರಿದ 90 ದಿನದೊಳಗೆ ಯಾವ ಕಡೆಯವರೂ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಸರ್ಕಾರದ ಆಜ್ಞೆಗೆ ಕಾಯಬೇಕಿಲ್ಲ. ವಜಾ ಪ್ರಕರಣಗಳನ್ನು ಒಬ್ಬ ನ್ಯಾಯಾಂಗ ಸದಸ್ಯ, ಒಬ್ಬ ಆಡಳಿತ ಸದಸ್ಯ ಸೇರಿದ ಪೀಠ ಕೇಳಬೇಕೆಂದು ಸಂಹಿತೆಯಲ್ಲಿದೆ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ ಎರಡು ಕಡೆಯವರೂ ಸಮನಾಗಿರುವ ಕುಂದುಕೊರತೆ ಸಮಿತಿಯೂ ಇರಬೇಕು.

ಸಂಧಾನದ ನೋಟೀಸನ್ನು ತಾತ್ಸಾರ ಮಾಡಬೇಡಿ. ಎರಡು ಕಡೆಯವರ ಮನಸ್ಸು ಇನ್ನೂ ಪೂರ್ತಿ ಕಲ್ಲಾಗಿರದ ಹೊತ್ತು ಅದು. ಅಲ್ಲಿ ಆದ ಒಪ್ಪಂದ ಎಲ್ಲಕ್ಕಿಂತ ಅಗ್ಗ.

ವಿಚಾರಣೆ ನಡೆಸದೆ ವಜಾ ಮಾಡಿದವರಿಗೂ ಒಂದು ಅವಕಾಶ ಉಳಿದಿದೆ. ಆಪಾದನೆಯನ್ನು ನ್ಯಾಯಾಲಯದ ಮುಂದೆಯೇ ಸಾಕ್ಷ್ಯ ಕೊಟ್ಟು ರುಜುವಾತು ಮಾಡಬಹುದು. ಆದರೆ ಆ ಅವಕಾಶವನ್ನು ಮೊದಲ ಲಿಖಿತ ಹೇಳಿಕೆಯಲ್ಲಿಯೇ ಕೇಳಿಕೊಳ್ಳಬೇಕೆಂದು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು. ಕೇಸು ನಡೆದು ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ವಜಾ ಅನ್ಯಾಯವೆಂದಾದರೆ ಪರಿಹಾರ ಏನು? ಕೆಲಸಕ್ಕೆ ಮರಳಿ ಸೇರಿಸುವುದು ಮತ್ತು ಹಿಂಬಾಕಿ ವೇತನ ಕೊಡಿಸುವುದು ಸಾಮಾನ್ಯ ನಿಯಮವೆಂದು 2013ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿದೆ. ಆ ಅವಧಿಯಲ್ಲಿ ಬೇರೆ ಕಡೆ ದುಡಿಯುತ್ತಿದ್ದನೇ ಎಂಬುದನ್ನು ನೋಡಿ ಹಿಂಬಾಕಿಯನ್ನು ಇಳಿಸುವುದುಂಟು. ದಿನಗೂಲಿಯವರ ವಿಷಯದಲ್ಲಿ ಮರುನೇಮಕದ ಬದಲು ಇಡಿಗಂಟು ಪರಿಹಾರ ಕೊಡಿಸಿದ್ದೂ ಉಂಟು. ಒಟ್ಟಿನಲ್ಲಿ ಕೇಸು ಬೆಳೆದಷ್ಟೂ ಬಾಕಿ ಬೆಳೆಯುತ್ತದೆ.

ಆ ಒಂದು ಮೂಟೆ

ಈಗ ಮೊದಲು ಹೇಳಿದ ಕಥೆಗೆ ಬರೋಣ. ನಮ್ಮ ಸಲಹೆಯಂತೆ ಆ ಸದಸ್ಯರು "ಅವನೇ ಬಿಟ್ಟುಹೋದ" ಎಂದು ಬರೆಸಿದರು. ಕಳ್ಳತನದ ಮಾತೇ ಎತ್ತಲಿಲ್ಲ. ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಎದುರು ವಕೀಲರು ಎರಡು ಮೂರು ಪ್ರಶ್ನೆ ಕೇಳುವಷ್ಟರಲ್ಲಿ ಅವರಿಗೆ ಸಿಟ್ಟು ಬಂದು, "ಕದ್ದವನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?" ಎಂದುಬಿಟ್ಟರು. ಅಲ್ಲಿಗೆ ಎರಡು ಮಾತೂ ಬಿದ್ದುಹೋದವು. ಬಿಟ್ಟುಹೋದದ್ದೂ ಸುಳ್ಳಾಯಿತು, ಕದ್ದದ್ದಕ್ಕೆ ಸಾಕ್ಷ್ಯವಿರಲಿಲ್ಲ, ಅದನ್ನು ಕೊಡಲು ಅವಕಾಶ ಕೇಳಿರಲಿಲ್ಲ. ಕನಿಷ್ಠ ಕೂಲಿ ಕೇಳಿದ ಸಂಗತಿ ಮಾತ್ರ ಉಳಿಯಿತು. 2017ರಲ್ಲಿ ತೀರ್ಪು ಬಂತು: ಮರುನೇಮಕ, ಅರ್ಧ ಹಿಂಬಾಕಿ. ಹಣ ಕೊಡಲು ಅವರು ಎರಡು ವರ್ಷದ ಮೆಣಸನ್ನು ಮುಂಗಡವಾಗಿ ಮಾರಿದರು.

ಗೆದ್ದವನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಐದು ವರ್ಷ ಕಳ್ಳನೆಂಬ ಹೆಸರು ಹೊತ್ತು ಯಾವ ತೋಟದಲ್ಲೂ ಲೈನು ಸಿಗದೆ, ದೊಡ್ಡ ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ್ದ. ಮರಳಿ ಬರಲು ಅವನಿಗೆ ಮನಸ್ಸಾಗಲಿಲ್ಲ. ಹಣ ತೆಗೆದುಕೊಂಡು ಲೆಕ್ಕ ಮುಗಿಸಿದ. ಸಂಘದ ಕಚೇರಿಯಲ್ಲೇ ಸಹಿಯಾಯಿತು. ಹೊರಡುವಾಗ ಅವನು ಆ ಸದಸ್ಯರನ್ನು ಕೇಳಿದ್ದು ಒಂದೇ ಮಾತು: "ಅವತ್ತು ನನ್ನನ್ನು ಕರೆದು ಒಂದು ಸಲ ಕೇಳಿದ್ದರೆ ಆಗುತ್ತಿರಲಿಲ್ಲವೇ?" ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಆ ಮೂಟೆ ಯಾರು ಒಯ್ದರೆಂಬುದು ಇಂದಿಗೂ ಗೊತ್ತಿಲ್ಲ. ಅವನೇ ಇರಬಹುದು, ಬೆರಳು ತೋರಿಸಿದ ಮೇಸ್ತ್ರಿಯೇ ಇರಬಹುದು, ಹೊರಗಿನವರೇ ಇರಬಹುದು. ಆ ವಾರವೇ ನಾಲ್ಕು ಜನರನ್ನು ಕೂರಿಸಿ, ಎದುರುಬದುರು ಮಾತಾಡಿಸಿದ್ದರೆ ಬಹುಶಃ ತಿಳಿಯುತ್ತಿತ್ತು. ವಿಚಾರಣೆಯೆಂದರೆ ಕೋರ್ಟಿಗೆ ತೋರಿಸಲು ಕಟ್ಟುವ ಕಾಗದದ ಕಂತೆ ಎಂದು ನಾವು ತಿಳಿದುಕೊಂಡಿದ್ದೆವು. ಅದು ಮೊಟ್ಟಮೊದಲಿಗೆ ಮಾಲೀಕನಿಗೇ ನಿಜ ತಿಳಿಯುವ ದಾರಿ. ಆ ದಾರಿ ಬಿಟ್ಟವನಿಗೆ, ತಾನು ಕೈಗೊಂಡದ್ದು ಶಿಸ್ತಿನ ಕ್ರಮವೋ ಸೇಡಿನ ಕ್ರಮವೋ ಎಂಬುದು ತನಗೇ ಖಚಿತವಿರುವುದಿಲ್ಲ. ನ್ಯಾಯಾಧೀಶರಿಗೆ ಹೇಗೆ ಖಚಿತವಾದೀತು?

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಸಿಟ್ಟು ಬಂದ ದಿನ ಯಾರನ್ನೂ ಬಿಡಿಸಬೇಡಿ. ಹಾಜರಿ, ಕೂಲಿ, ರಜೆ ಮೂರನ್ನೂ ಬರೆದಿಡಿ. ಆಪಾದನೆ ಬಂದರೆ ಕಾಗದದಲ್ಲಿ ಕೇಳಿ, ಅವನ ಉತ್ತರ ಕಿವಿಗೊಟ್ಟು ಕೇಳಿ, ಆಮೇಲೆ ನಿರ್ಧರಿಸಿ. ಹೊಸ ಸಂಹಿತೆಯ ಕೆಳಗಿನ ರಾಜ್ಯ ನಿಯಮಗಳ ವಿವರವನ್ನು ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ, ನೋಟೀಸು ಬಂದಿದ್ದರೆ ತಡಮಾಡದೆ ವಕೀಲರನ್ನು ಕಾಣಿ. ಸಲಹೆ ಕೇಳಲು ಸಂಘದ ಕಚೇರಿಗೆ ಬಂದರೆ, ಹಿಂದೆ ಹೇಳಿದಂಥ ಸಲಹೆಯನ್ನು ಮಾತ್ರ ನಾವು ಮತ್ತೆ ಹೇಳುವುದಿಲ್ಲ.